ಹಕಾರಕ್ಕೆ ಪಕಾರ

ತೆಲುಗು ಕಲಿಯುವುದಕ್ಕೆ ನನ್ನ ಭಾವನ ಹತ್ತಿರ ಒಂದು ಸೂತ್ರವಿತ್ತು. ಕನ್ನಡ ಪದದಲ್ಲಿ ಹ ಇದ್ದರೆ ಅದನ್ನು ಕಿತ್ತು ಪ ಹಾಕುವುದು, ಕೊನೆಗೊಂದು ಲು ಅಂಟಿಸುವುದು. ಅಲ್ಲಿಗೆ ತೆಲುಗು ತಯಾರು. ಹಾಲು ಪಾಲು, ಹುಲಿ ಪುಲಿ, ಹಂದಿ ಪಂದಿ, ಹೊಗೆ ಪೊಗ ಎಂದು ಬೆರಳು ಮಡಚುತ್ತಾ ಒಪ್ಪಿಸುತ್ತಿದ್ದರು. ಕರ್ನಾಟಕದಿಂದ ವರ್ಗವಾಗಿ ವಿಜಯವಾಡಕ್ಕೆ ಬರುವ ಬ್ಯಾಂಕಿನ ಹುಡುಗರಿಗೆಲ್ಲ ಮೊದಲ ದಿನದ ಕಾಫಿಯ ಜೊತೆ ಈ ಪಾಠ ಪುಕ್ಕಟೆ. ಬೇರೆಯವರು ಆಡಿದ ತೆಲುಗನ್ನು ಅರ್ಥ ಮಾಡಿಕೊಳ್ಳುವಾಗ ಅದೇ ಲೆಕ್ಕ ತಿರುಗಾಮುರುಗಾ: ಲು ಕಿತ್ತುಹಾಕು, ಪ ಇದ್ದಲ್ಲಿ ಹ ಇಡು, ಕನ್ನಡ ಸಿಗುತ್ತದೆ. ಸಿಗದಿದ್ದರೆ ತಪ್ಪು ತೆಲುಗಿನವರದು.

ಈ ಸೂತ್ರದಿಂದ ನಾನು ನನ್ನ ಅಕ್ಕನನ್ನು ಕಳೆದುಕೊಂಡೆ ಎಂದರೆ ಅದು ಅರ್ಧ ನಿಜ. ಉಳಿದರ್ಧ ಮಳೆಯ ಪಾಲು, ಇಲಿಗಳ ಪಾಲು. ಮಳೆಯನ್ನೂ ಇಲಿಯನ್ನೂ ಬೈದು ಸುಮ್ಮನಾಗಿದ್ದರೆ ನನಗೂ ರಾತ್ರಿ ನಿದ್ದೆ ಬರುತ್ತಿತ್ತೋ ಏನೋ.

ನಮ್ಮದು ತುಮಕೂರಿನ ಕಡೆ. ಅಕ್ಕ ಮದುವೆಯಾಗಿ ಬಂದದ್ದು ನೇರ ವಿಜಯವಾಡಕ್ಕೆ. ಭಾವ ಬ್ಯಾಂಕ್ ಅಧಿಕಾರಿ. ಮಧ್ಯೆ ಗುಂಟೂರು ಕಡೆ ಒಂದೆರಡು ಊರು ಸುತ್ತಿ ಮತ್ತೆ ಅಲ್ಲಿಗೇ ಬಂದು ನಿಂತರು. ನಾನೂ ಬ್ಯಾಂಕಿನವಳೇ, ಆದರೆ ಬೇರೆ ಬ್ಯಾಂಕು. ಬಹಳ ವರ್ಷಗಳ ನಂತರ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು, ದ್ವಾರಕಾ ನಗರದ ಶಾಖೆಗೆ. ಅಕ್ಕನ ಒಬ್ಬಳೇ ಮಗಳು ಅಲ್ಲೇ ಹಾಸ್ಟೆಲಿನಲ್ಲಿದ್ದುಕೊಂಡು ಓದುತ್ತಿದ್ದಳು. ಅವಳು ಹುಟ್ಟಿ ಬೆಳೆದದ್ದೆಲ್ಲ ತೆಲುಗಿನಲ್ಲಿ. ನನ್ನನ್ನು ಚಿಕ್ಕಮ್ಮ ಎನ್ನುವುದಿಲ್ಲ, ಪಿನ್ನಿ ಎನ್ನುತ್ತಾಳೆ. ಅಪ್ಪನಿಗೆ ನಾನ್ನ. ಅವಳ ಕನ್ನಡ ಊಟ, ನಿದ್ದೆ, ನೆಂಟರ ವಿಚಾರಕ್ಕೆ ಸಾಕಾಗುವಷ್ಟು ಮಾತ್ರ. ಭಾನುವಾರ ನನ್ನ ಮನೆಗೆ ಬಂದು ಬಿಸಿಬೇಳೆಬಾತು ತಿಂದು, ಬಟ್ಟೆ ಒಗೆಯಲು ಹಾಕಿ, ಅರ್ಧ ಕನ್ನಡ ಅರ್ಧ ತೆಲುಗಿನಲ್ಲಿ ವಾರದ ಸುದ್ದಿ ಹೇಳಿ ಹೋಗುವಳು.

ಅಕ್ಕನ ತೆಲುಗು ಸೂತ್ರದ ತೆಲುಗಲ್ಲ. ಅಕ್ಕಪಕ್ಕದ ಹೆಂಗಸರ ಜೊತೆ ಬಾಗಿಲಲ್ಲಿ ನಿಂತು, ತರಕಾರಿಯವಳ ಜೊತೆ ಚೌಕಾಶಿ ಮಾಡಿ, ಮಗಳ ಶಾಲೆಯ ಟೀಚರುಗಳ ಬಾಯಲ್ಲಿ ಕೇಳಿ ಕಲಿತ ಒಳ್ಳೆಯ ತೆಲುಗು. ಆದರೆ ಭಾವನ ಎದುರಿಗೆ ಅದು ಹೊರಗೆ ಬರುತ್ತಿರಲಿಲ್ಲ. ಬಂದರೆ ಅವರು ತಿದ್ದುತ್ತಿದ್ದರು. ಸರಿ ಇದ್ದದ್ದನ್ನು ತಪ್ಪಿಗೆ ತಿದ್ದುತ್ತಿದ್ದರು, ಅಕ್ಕ ಸುಮ್ಮನಾಗುತ್ತಿದ್ದಳು. ಭಾವ ಹೊಸದಾಗಿ ಬಂದಾಗ ಯಾರೋ ಗಿರಾಕಿಗೆ ಗುಮಾಸ್ತ “ಮ್ಯಾನೇಜರ್‌ಗಾರಿನಿ ಅಡಗಂಡಿ” ಎಂದನಂತೆ. ಮ್ಯಾನೇಜರನ್ನು ಕೇಳಿ ಎಂದರ್ಥ. ನಮ್ಮ ಭಾವ ಅದನ್ನು ಅಡಗಿಕೊಳ್ಳಿ ಎಂದು ತಿಳಿದು ಕೌಂಟರಿನ ಹಿಂದೆ ಬಗ್ಗಿ ನೋಡಿದ ಕಥೆಯನ್ನು ಅಕ್ಕ ನನಗೊಬ್ಬಳಿಗೇ, ಅವರಿಲ್ಲದಾಗ, ಸೆರಗು ಬಾಯಿಗಿಟ್ಟುಕೊಂಡು ಹೇಳಿದ್ದಳು. ಆ ಅಡಗಂಡಿಯನ್ನು ಅವರು ಆಮೇಲೆ ಚೆನ್ನಾಗಿಯೇ ಕಲಿತರು. ಅಂಗಡಿಯವನು ಅಕ್ಕನ ಮುಖ ನೋಡಿ ಏನು ಬೇಕೆಂದರೆ, ಟೇಲರು ಅಕ್ಕನ ಬ್ಲೌಸಿನ ಅಳತೆ ಕೇಳಿದರೆ ಕೂಡ, ಭಾವ ಮುಂದೆ ಬಂದು ಹೇಳುತ್ತಿದ್ದುದು ಒಂದೇ ಮಾತು: “ಆಮೆನಿ ಕಾದು, ನನ್ನು ಅಡಗಂಡಿ.” ಅವಳನ್ನಲ್ಲ, ನನ್ನನ್ನು ಕೇಳಿ. ಅಕ್ಕನ ಸಂಸಾರದ ಕಥೆಯನ್ನೆಲ್ಲ ಈ ಒಂದು ವಾಕ್ಯದಲ್ಲಿ ಹೇಳಿ ಮುಗಿಸಬಹುದು.

ಇಲಿಯ ಮಾತು ಆ ಊರಿಗೆ ಪ್ರವಾಹ ಬರುವುದಕ್ಕೂ ಮೊದಲೇ ಶುರುವಾಗಿತ್ತು. ಅವರದು ನೆಲಮಹಡಿಯ ಮನೆ, ಬುಡಮೇರು ಎಂಬ ಹಳ್ಳ ಹರಿಯುವ ಕಡೆ. ವಿಜಯವಾಡದಲ್ಲಿ ಎಲ್ಲರ ಕಣ್ಣೂ ಕೃಷ್ಣೆಯ ಮೇಲೆ. ಬುಡಮೇರನ್ನು ಕಸ ಸುರಿಯಲು ಬಿಟ್ಟರೆ ಬೇರೆ ಯಾವುದಕ್ಕೂ ಯಾರೂ ಲೆಕ್ಕಕ್ಕೆ ಇಟ್ಟುಕೊಂಡಿರಲಿಲ್ಲ. ಆ ವರ್ಷದ ಬೇಸಿಗೆ ಮುಗಿಯುವ ಲಕ್ಷಣವೇ ಇರಲಿಲ್ಲ. ಜೂನ್ ಬಂದರೂ ಗೋಡೆ ಮುಟ್ಟಿದರೆ ಕೈ ಸುಡುತ್ತಿತ್ತಂತೆ. ನಡುವೆ ಒಂದು ದಿನ ಆಕಾಶ ಹರಿದಂತೆ ಸುರಿಯುವುದು, ಮತ್ತೆ ವಾರಗಟ್ಟಲೆ ಬೆವರು. ಮೊದಲೆಲ್ಲ ಸಂಕ್ರಾಂತಿಯ ಹೊತ್ತಿಗಾದರೂ ಸ್ವೆಟರು ಹುಡುಕುವಷ್ಟು ಚಳಿ ಇರುತ್ತಿತ್ತು, ಈಗ ಫ್ಯಾನು ಆರಿಸುವ ದಿನವೇ ಇಲ್ಲ ಎಂದು ಅಕ್ಕ ಹೇಳುತ್ತಿದ್ದಳು. ಬಿಸಿಲು ಮನುಷ್ಯರನ್ನು ಬೇಯಿಸುತ್ತದೆ, ಇಲಿಗಳಿಗೆ ಮಾತ್ರ ವರ್ಷವಿಡೀ ಬಾಣಂತಿ ಕೋಣೆಯ ಶಾಖ. ಅವು ಹೆತ್ತವು, ಹೆತ್ತದ್ದು ಮತ್ತೆ ಹೆತ್ತಿತು, ಮೊದಲ ಮಳೆಗೆ ಬಿಲದಲ್ಲಿ ನೀರು ತುಂಬಿ ಎಲ್ಲವೂ ಮೇಲೆ ಬಂದವು.

“ಅಡಿಗೆಮನೆ ಸಜ್ಜಾ ಮೇಲೆ ಹಿಕ್ಕೆ ಕಣೇ, ಜೀರಿಗೆ ಚೆಲ್ಲಿದಂಗೆ” ಎಂದು ಅಕ್ಕ ಫೋನಿನಲ್ಲಿ ಹೇಳಿದಳು. “ದಿನಾ ಗುಡಿಸ್ತೀನಿ, ದಿನಾ ಇರುತ್ತೆ.”

“ಬೋನು ಇಡೇ.”

“ಬೋನು ತಂದ್ರೆ ಇಲಿ ಇದೆ ಅಂತ ಒಪ್ಕೊಂಡಂಗೆ ಅಲ್ವಾ? ಇವರು ಬಿಡಲ್ಲ.”

ಹಿಂದೆ ಭಾವನ ದನಿ ಕೇಳಿಸಿತು. “ನಮ್ಮನೇಲಿ ಇಲಿ ಅನ್ನೋ ಮಾತೇ ಎತ್ತಬೇಡ. ಶುದ್ಧವಾಗಿ ಇಟ್ಕೊಂಡಿರೋ ಮನೆಗೆ ಇಲಿ ಬರಲ್ಲ. ಬಂದಿದೆ ಅಂದ್ರೆ ಇಟ್ಕೊಳೋರ ಮೇಲೆ ಹೋಗುತ್ತೆ ಅದು.”

ಅವರ ಪ್ರಕಾರ ಇಲಿ ಎಂಬುದು ಪ್ರಾಣಿಯಲ್ಲ, ಹೆಂಡತಿಗೆ ಕೊಡುವ ಪ್ರಮಾಣಪತ್ರ. ಅಧಿಕಾರಿಯ ಮನೆಯಲ್ಲಿ ಹಿಕ್ಕೆ ಬಿದ್ದಿದೆ ಎಂದರೆ ಹೊರಗಿನವರು ಏನೆಂದುಕೊಂಡಾರು ಎಂಬ ಒಂದೇ ಚಿಂತೆ. ಅಕ್ಕ ಬೆಳಗ್ಗೆ ಅವರು ಏಳುವ ಮುಂಚೆ ಸ್ಟೂಲು ಹತ್ತಿ ಸಜ್ಜಾ ಗುಡಿಸಿ, ಕಾಗದದಲ್ಲಿ ಸುತ್ತಿ ಹೊರಗೆ ಹಾಕಿ ಬರುತ್ತಿದ್ದಳು. ಆ ವರ್ಷದ ಗಣೇಶನ ಹಬ್ಬಕ್ಕೆಂದು ಮುಂಚಿತವಾಗಿಯೇ ತಂದಿಟ್ಟ ಮಣ್ಣಿನ ಗಣಪತಿಯ ಪಾದದ ಬಳಿ ಮುದ್ದಾದ ಒಂದು ಇಲಿ ಇತ್ತು. ಅದಕ್ಕೆ ಮಾತ್ರ ಆ ಮನೆಯಲ್ಲಿ ಒಪ್ಪಿಗೆ.

ಹಬ್ಬ ಇನ್ನೂ ಬಂದಿರಲಿಲ್ಲ. ಆಗಸ್ಟ್ ಕೊನೆಯಲ್ಲಿ ಮಳೆ ಹಿಡಿದದ್ದು ಬಿಡಲೇ ಇಲ್ಲ. ಬುಡಮೇರು ತನ್ನ ದಂಡೆ ಒಡೆದುಕೊಂಡು ಬೀದಿಗಳಿಗೆ ನುಗ್ಗಿತು. ಅಕ್ಕ ಭಾವ ಇಬ್ಬರೂ ಮೇಲಿನ ಮನೆಯವರ ಬಾಲ್ಕನಿಯಲ್ಲಿ ನಿಂತು, ದೋಣಿ ಬಂದ ಮೇಲೆ ಹೊರಬಿದ್ದು, ಗನ್ನವರಂನಲ್ಲಿದ್ದ ಭಾವನ ಸಹೋದ್ಯೋಗಿಯ ಮನೆ ಸೇರಿದರು. ಟಿವಿಯಲ್ಲಿ ಆ ನೀರು ನೋಡಿ ನನಗೂ ಅಕ್ಕನ ಮಗಳಿಗೂ ಕೈಕಾಲು ಆಡಲಿಲ್ಲ. ಇಬ್ಬರೂ ಕ್ಷೇಮ ಎಂದು ಫೋನು ಬಂದಾಗ ನಾನು ಮೈಮರೆತು ದೇವರಿಗೆ ಕೈಮುಗಿದೆ. ನೀರಿನಿಂದ ಪಾರಾದರೆ ಪ್ರವಾಹದಿಂದ ಪಾರಾದಂತೆ ಎಂದು ನಾವೆಲ್ಲ ತಿಳಿದಿದ್ದೆವು.

ನೀರು ಇಳಿದ ಮೇಲೆ ಮನೆಗೆ ಮರಳಿದರು. ಗೋಡೆಯ ಮೇಲೆ ಕಿಟಕಿಯ ಎತ್ತರಕ್ಕೆ ಕಂದು ಗೆರೆ, ಕೆಳಗೆ ಕಣಕಾಲು ಮುಳುಗುವಷ್ಟು ಕೆಸರು, ಊರೆಲ್ಲ ಕೊಳೆತ ವಾಸನೆ. ಮಳೆ ನಿಂತದ್ದೇ ತಡ ಮತ್ತೆ ಬೆಂಕಿ ಬಿಸಿಲು. ಆ ಕೆಸರು ಒಲೆಯ ಮೇಲಿಟ್ಟ ಅಂಬಲಿಯಂತೆ ಬೆಚ್ಚಗೆ ಕೂತಿತ್ತಂತೆ. ಸತ್ತ ಇಲಿಗಳು ಕೆಸರಿನಲ್ಲಿ, ಬದುಕಿದವು ಸಜ್ಜಾ ಮೇಲೆ. ಭಾವ ಶಾಖೆ ಸ್ವಚ್ಛ ಮಾಡಿಸಲು ಹೋಗಬೇಕಿತ್ತು. ಅದಕ್ಕೆಂದು ಒಂದು ಜೊತೆ ಗಂಬೂಟು ಕೊಂಡರು, ತಮಗೆ. ಅಕ್ಕ ಮನೆ ತೊಳೆದಳು, ಬರಿಗಾಲಲ್ಲಿ.

“ಚಪ್ಪಲಿನಾದ್ರೂ ಹಾಕ್ಕೊಳೇ” ಎಂದೆ ನಾನು.

“ಅಡಿಗೆಮನೆಗೆ ಚಪ್ಪಲಿ ಹಾಕ್ಕೊಂಡು ಹೋಗೋದಾ? ದೇವರ ಗೂಡು ಬೇರೆ ಅಲ್ಲೇ ಇದೆ.”

ಮೂರಡಿ ಕೆಸರುನೀರು ನುಗ್ಗಿಹೋದ ಅಡಿಗೆಮನೆ. ದೇವರುಗಳೇ ನೀರಲ್ಲಿ ತೇಲಿ ಫ್ರಿಜ್ಜಿನ ಹಿಂದೆ ಸಿಕ್ಕಿದ್ದರು. ಮಣ್ಣಿನ ಗಣಪತಿ ಕರಗಿ ಹೋಗಿದ್ದ, ಅವನ ಇಲಿಯೂ. ಆದರೂ ಮಡಿ ಮಡಿಯೇ. ಅಕ್ಕನ ಹಿಮ್ಮಡಿ ಮೊದಲಿನಿಂದಲೂ ಒಡೆದದ್ದು, ಬಿರುಕಿನಲ್ಲಿ ರಕ್ತ ಜಿನುಗುತ್ತಿತ್ತು. ರಾತ್ರಿ ಎಣ್ಣೆ ಹಚ್ಚಿ ಕಾಲುಚೀಲ ಹಾಕಿ ಮಲಗುತ್ತಿದ್ದಳು. ಆ ಕಾಲಲ್ಲಿ ಅವಳು ದಿನಗಟ್ಟಲೆ ಆ ಕೆಸರಿನಲ್ಲಿ ನಿಂತಳು. ಬಾಚಿ ಬಾಚಿ ಹೊರಗೆ ಹಾಕಿದಳು. ಹಬ್ಬಕ್ಕೆ ಬೇರೆ ಗಣಪತಿ ತಂದು ಕೂರಿಸಿ ಕಡುಬನ್ನೂ ಮಾಡಿದಳೆಂದು ಭಾವ ಫೋಟೊ ಕಳಿಸಿದರು. ಫೋಟೊದಲ್ಲಿ ಮನೆ ಫಳಫಳ ಹೊಳೆಯುತ್ತಿತ್ತು.

ಅದಾಗಿ ಸ್ವಲ್ಪ ದಿನಕ್ಕೆ ಜ್ವರ. ನಡುಕ, ತಲೆನೋವು, ಮೈಕೈ ನೋವು. ಭಾವ ಹತ್ತಿರದ ಒಂದು ಸಣ್ಣ ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಅಲ್ಲಿ ಬೀದಿಯವರೆಗೆ ಸಾಲು. ಪ್ರವಾಹ ಬಂದ ಕಡೆಯೆಲ್ಲ ಮನೆಗೊಬ್ಬರು ಕೆಮ್ಮುತ್ತಿದ್ದರು, ಕಾಯುತ್ತಿದ್ದರು. “ವೈರಲ್ ಅಂತೆ, ಮಾತ್ರೆ ಕೊಟ್ಟವ್ರೆ, ಗಾಬರಿ ಬೇಡ” ಎಂದು ಭಾವನ ಫೋನು ಬಂತು. ಅಕ್ಕನಿಗೆ ಕೊಡಿ ಎಂದೆ. “ಅವಳೇನು ಹೇಳ್ತಾಳೆ, ನಾನೇ ಹೇಳ್ತಿದೀನಲ್ಲ” ಎಂದರು. ಮಗಳಿಗೆ ಪರೀಕ್ಷೆ ಇದೆ, ಸುದ್ದಿ ಮುಟ್ಟಿಸಬೇಡ ಎಂದೂ ಹೇಳಿದರು.

ಜ್ವರ ಒಮ್ಮೆ ಇಳಿದು ಮತ್ತೆ ಏರಿತು. ಅಕ್ಕನ ಕಣ್ಣು ಕೆಂಪಗಾಗಿದೆ, ಮೂತ್ರ ಸರಿಯಾಗಿ ಬರುತ್ತಿಲ್ಲ ಎಂದು ಮೇಲಿನ ಮನೆಯಾಕೆ ನನಗೆ ಗುಟ್ಟಾಗಿ ಫೋನು ಮಾಡಿದರು. ನಾನು ರಜೆ ಹಾಕಿ ಬೆಳಗಿನ ರೈಲು ಹತ್ತಿದೆ. ಮಧ್ಯಾಹ್ನ ಮನೆಗೆ ಕಾಲಿಟ್ಟಾಗ ಅಕ್ಕ ಗೋಡೆಗೊರಗಿ ಕೂತಿದ್ದಳು. ಕಣ್ಣಿನ ಬಿಳಿ ಅರಿಶಿನ ಬಣ್ಣಕ್ಕೆ ತಿರುಗಿತ್ತು. ನನ್ನನ್ನು ನೋಡಿ ಎದ್ದು ಕಾಫಿ ಮಾಡಲು ಹೊರಟಳು, ಎರಡು ಹೆಜ್ಜೆ ಇಡಲಾಗದೆ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಭಾವ ಇನ್ನೂ ಮಾತ್ರೆಯ ಕೋರ್ಸು ಮುಗಿಯಲಿ ಎನ್ನುತ್ತಿದ್ದರು. ನಾನು ಕೂಗಾಡಿದೆ. ನನ್ನ ಜೀವನದಲ್ಲಿ ಮೊದಲ ಸಲ ಅವರ ಮೇಲೆ ದನಿ ಎತ್ತಿದೆ, ಟ್ಯಾಕ್ಸಿ ತರಿಸಿ ಬೆಂಜ್ ಸರ್ಕಲ್ ಹತ್ತಿರದ ದೊಡ್ಡ ಆಸ್ಪತ್ರೆಗೆ ಸಾಗಿಸಿದೆ.

ಅಲ್ಲಿ ಡ್ಯೂಟಿಯಲ್ಲಿದ್ದದ್ದು ಹುಬ್ಬಳ್ಳಿ ಕಡೆಯ ಎಳೆಯ ವಯಸ್ಸಿನ ಡಾಕ್ಟರು. ನಾವು ಆಡಿಕೊಳ್ಳುತ್ತಿದ್ದ ಕನ್ನಡ ಕೇಳಿ ಆಕೆ ತೆಲುಗು ಬಿಟ್ಟರು. ಅಕ್ಕನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, ನೇರ ಅಕ್ಕನನ್ನೇ ಕೇಳಿದರು: “ಮೀನಖಂಡ ಭಾಳ ನೋಯ್ತಾವೇನ್ರೀ ಅಮ್ಮಾ?”

ಭಾವ ಬಾಯಿ ತೆಗೆಯುವಷ್ಟರಲ್ಲಿ ಅಕ್ಕ “ಹೂಂ” ಎಂದಳು. ಡಾಕ್ಟರು ಸೀರೆ ತುಸು ಸರಿಸಿ ಕಾಲಿನ ಹಿಂಬದಿಯ ಮೀನಖಂಡವನ್ನು ಮೆಲ್ಲಗೆ ಅದುಮಿದಾಗ ಅಕ್ಕ ಚೀರಿದಳು. ಹೆರಿಗೆಯಲ್ಲೂ ಚೀರದವಳು ಎಂದು ಅಮ್ಮ ಹೇಳುತ್ತಿದ್ದ ನನ್ನ ಅಕ್ಕ.

“ಇಲಿ ಜ್ವರ ಇದ್ದಂಗ ಕಾಣ್ತದ್ರೀ” ಎಂದು ಆಕೆ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. “ಟೆಸ್ಟಿಗೆ ಕಳಸ್ತೀನಿ, ಔಷಧಾ ಈಗಿಂದ ಈಗ ಶುರು ಮಾಡೋಣು. ಮದಲ ತೋರಿಸಿದಲ್ಲೆ ಯಾರೂ ಮೀನಖಂಡದ್ದು ಕೇಳಲಿಲ್ಲೇನು? ಆವಾಗ ಹಿಡಿದಿದ್ರ ಸಾದಾ ಗುಳಿಗಿಗೆ ಹೋಗ್ತಿತ್ತು.”

“ಯಾರೂ ಕೇಳ್ಲಿಲ್ಲ” ಎಂದರು ಭಾವ, ಹಿಂದಿನಿಂದ.

ಆಕೆ ತಾಳ್ಮೆಯಿಂದ ವಿವರಿಸಿದರು. ಇಲಿಯ ಮೂತ್ರದಲ್ಲಿ ಇರುವ ಒಂದು ಕ್ರಿಮಿ; ಒಣ ನೆಲದಲ್ಲಿ ಬೇಗ ಸಾಯುತ್ತದೆ, ಬೆಚ್ಚಗಿನ ನಿಂತ ನೀರು ಸಿಕ್ಕರೆ ವಾರಗಟ್ಟಲೆ ಬದುಕುತ್ತದೆ. ಮಳೆ ಹದವಾಗಿ ಬಂದು ಹರಿದು ಹೋದರೆ ಅಷ್ಟು ಅಪಾಯವಿಲ್ಲ. ಈಗ ಮಳೆ ಹಾಗೆ ಬರುವುದಿಲ್ಲ, ಒಂದೇ ಸಲ ಬಂದು ನಿಲ್ಲುತ್ತದೆ, ಇಲಿಗಳ ಬಿಲವನ್ನೂ ನಮ್ಮ ಮನೆಯನ್ನೂ ಒಂದೇ ಕೆರೆ ಮಾಡುತ್ತದೆ, ಅದರ ಬೆನ್ನಿಗೇ ಬಿಸಿಲು ಬಂದು ಆ ಕೆರೆಯನ್ನು ಬೆಚ್ಚಗಿಡುತ್ತದೆ. ಕಾಲಿನಲ್ಲಿ ಒಂದು ಸೀಳು ಇದ್ದರೆ ಸಾಕು, ಒಳಗೆ ದಾರಿ. ಪ್ರತಿ ದೊಡ್ಡ ಮಳೆಯ ಹಿಂದೆಯೂ ಇಂಥವರು ಬರುತ್ತಿದ್ದಾರೆ ಎಂದರು ಆಕೆ. ಹವಾಮಾನ ಬದಲಾಗುತ್ತಿದೆ ಎಂಬುದನ್ನು ನಾನು ಅಲ್ಲಿಯತನಕ ಪೇಪರಿನ ಒಳಪುಟದ ಸುದ್ದಿಯೆಂದುಕೊಂಡಿದ್ದೆ, ಎಲ್ಲೋ ದೂರದಲ್ಲಿ ಹಿಮ ಕರಗುವುದು, ಯಾರೋ ಸಭೆ ಸೇರುವುದು. ಅದು ನನ್ನ ಅಕ್ಕನ ಅಡಿಗೆಮನೆಯ ಸಜ್ಜಾ ಮೇಲೆ ತಿಂಗಳುಗಟ್ಟಲೆ ಹಿಕ್ಕೆ ಹಾಕಿಕೊಂಡು ಕೂತಿತ್ತು, ಮತ್ತು ನಾವದನ್ನು ಬೆಳಗ್ಗೆ ಬೆಳಗ್ಗೆ ಕಾಗದದಲ್ಲಿ ಸುತ್ತಿ ಬಚ್ಚಿಡುತ್ತಿದ್ದೆವು.

ಅಕ್ಕನನ್ನು ಐಸಿಯುಗೆ ಹಾಕಿದರು. ಮೂತ್ರಪಿಂಡ ನಿಂತುಹೋಗುವ ಹಂತದಲ್ಲಿತ್ತು, ಡಯಾಲಿಸಿಸ್ ಬೇಕೆಂದರು. ಅವಳು ಉಳಿಯುತ್ತಾಳೋ ಇಲ್ಲವೋ ಎಂಬುದು ಬಿಟ್ಟರೆ ಬೇರೆ ಯೋಚನೆ ಇರಲಿಲ್ಲ. ಮರುದಿನ ಮಧ್ಯಾಹ್ನ ಕ್ಯಾಂಟೀನಿನಲ್ಲಿ ನಾನೂ ಭಾವನೂ ಎದುರುಬದುರು ಕೂತಿದ್ದೆವು. ಇಡ್ಲಿ ತಣ್ಣಗಾಗಿತ್ತು. ಅವರು ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳಬೇಕಿತ್ತು, ಆ ಮೊದಲ ನರ್ಸಿಂಗ್ ಹೋಮಿನ ಡಾಕ್ಟರು ಸಿಕ್ಕಿದ.

“ತಲೆ ಇಲ್ಲ ಕಣಮ್ಮ ಅವನಿಗೆ. ನೋವು ಎಲ್ಲಿ, ಏನು ಅಂತ ಕೇಳೋದು ಬಿಟ್ಟು ನಮ್ಮನೆ ಶುದ್ಧ ಇದ್ಯಾ ಇಲ್ವಾ ಅಂತ ವಿಚಾರಿಸ್ತಾನೆ. ಇಲಿ ಹಿಕ್ಕೆ ಮುಟ್ಟಿದಾರಾ ಅಂತ ಕೇಳ್ತಾನೆ! ಅಷ್ಟು ಜನದ ಎದುರಿಗೆ!”

“ಹಿಕ್ಕೆ ಅಂತ ಕೇಳಿದ್ರಾ?” ಎಂದೆ. ಹಾಗಾದರೆ ಆ ಡಾಕ್ಟರಿಗೆ ಗುಮಾನಿ ಇತ್ತಲ್ಲ ಎಂದು ನನಗೆ ಆಶ್ಚರ್ಯ.

“ಹೂಂ. ಪಿಕ್ಕಲು ಪಟ್ಟೇಸ್ತುನ್ನಾಯಾ ಅಂದ. ಪಟ್ಟು ಅಂದ್ರೆ ಹಿಡಿಯೋದು. ಪಿಕ್ಕಲು ಅಂದ್ರೆ ಹಿಕ್ಕೆ.” ಅವರ ಬೆರಳು ತಾನಾಗಿಯೇ ಮಡಚಿಕೊಂಡಿತು. “ಹಕಾರಕ್ಕೆ ಪಕಾರ, ಕೊನೆಗೆ ಲು.”

ವಿಶಾಖಪಟ್ಟಣದಲ್ಲಿ ನನ್ನ ಮನೆಯೊಡತಿ ಲಿಫ್ಟು ಕೆಟ್ಟ ದಿನ ಮೆಟ್ಟಿಲು ಹತ್ತಿ ಬಂದು, ಕಾಲು ನೀಡಿ ಕೂತು, ಮೀನಖಂಡ ನೀವಿಕೊಳ್ಳುತ್ತಾ ಅದೇ ಮಾತು ಹೇಳುತ್ತಿದ್ದರು: ಪಿಕ್ಕಲು ಪಟ್ಟೇಸಾಯಮ್ಮಾ. ಪಿಕ್ಕ ಎಂದರೆ ತೆಲುಗಿನಲ್ಲಿ ಮೀನಖಂಡ. ಆ ಡಾಕ್ಟರು, ಬೀದಿಯವರೆಗೆ ಸಾಲಿದ್ದರೂ, ಅಷ್ಟು ಜನರ ನಡುವೆ ಹೆಂಗಸಿನ ಕಾಲು ಮುಟ್ಟಲು ಸಂಕೋಚಪಟ್ಟು, ಬಾಯಲ್ಲಿ ಸರಿಯಾದ ಪ್ರಶ್ನೆಯನ್ನೇ ಕೇಳಿದ್ದ. ಮೀನಖಂಡ ಹಿಡಿದುಕೊಂಡಂತೆ ನೋಯುತ್ತಿವೆಯಾ ಎಂದು ಕೇಳಿದ್ದ.

“ನೀವೇನಂದ್ರಿ ಭಾವಾ?”

“ಇನ್ನೇನು ಅಂತಾರೆ? ಆಮೆನಿ ಕಾದು ನನ್ನು ಅಡಗಂಡಿ ಅಂದೆ. ಅಲಾಂಟಿದಿ ಏಮೀ ಲೇದಂಡಿ ಅಂದೆ. ಅಂಥದ್ದೇನೂ ಇಲ್ಲ ಅಂತ.”

ಅವರು ಹೇಳಿದ ಇಲ್ಲ ಎರಡು ಕಡೆಯಿಂದಲೂ ಸುಳ್ಳು. ಅವರು ತಿಳಿದುಕೊಂಡ ಪ್ರಶ್ನೆಗೂ ಉತ್ತರ ಹೌದು, ಹಿಕ್ಕೆ ಇತ್ತು. ಡಾಕ್ಟರು ಕೇಳಿದ ಪ್ರಶ್ನೆಗೂ ಉತ್ತರ ಹೌದು; ನೋವಿತ್ತು. ಮರ್ಯಾದೆ ಉಳಿಸಿಕೊಳ್ಳುವ ಮನುಷ್ಯನಿಗೆ ಪ್ರಶ್ನೆ ಅರ್ಥವಾದರೂ ಒಂದೇ, ಆಗದಿದ್ದರೂ ಒಂದೇ. ನನಗೆ ಆ ತಟ್ಟೆಯನ್ನು ಅವರ ಮುಖಕ್ಕೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಮೇಲಿನ ಮಹಡಿಯಲ್ಲಿ ಅಕ್ಕ ಬದುಕಿದ್ದಳು, ಉಳಿದು ಬರಲಿ ಆಮೇಲೆ ನೋಡಿಕೊಳ್ಳೋಣ ಎಂದುಕೊಂಡು ಇಡ್ಲಿ ನುಂಗಿದೆ.

ಎರಡು ಸಲ ಡಯಾಲಿಸಿಸ್ ಆದ ಮೇಲೆ ಅಕ್ಕ ಸ್ವಲ್ಪ ತಿಳಿಯಾದಳು. ಒಬ್ಬರನ್ನು ಮಾತ್ರ ಒಳಗೆ ಬಿಡುತ್ತಿದ್ದರು. ನಾನು ಹೋಗಿ ಅವಳ ಕಾಲಿಗೆ ಎಣ್ಣೆ ಸವರುತ್ತಾ ಕೂತೆ, ನರ್ಸು ಬೇಡವೆನ್ನಲಿಲ್ಲ. ಅಕ್ಕ ಛಾವಣಿ ನೋಡುತ್ತಾ ಹೇಳಿದಳು.

“ನಂಗೆ ಕೇಳ್ಸಿತ್ತು ಕಣೇ.”

“ಏನೇ?”

“ಆ ಮೊದ್ಲನೇ ಡಾಕ್ಟ್ರು ಕೇಳಿದ್ದು. ಪಿಕ್ಕಲು ಅಂತ. ನಂಗೆ ಗೊತ್ತಿತ್ತು. ನೋಯ್ತಾ ಇತ್ತು, ನಿಲ್ಲಕ್ಕೂ ಆಗ್ತಿರ್ಲಿಲ್ಲ. ಹೂಂ ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟ್ರಲ್ಲಿ ಇವರು ಹೇಳಿಬಿಟ್ರು.”

“ಆಮೇಲಾದ್ರೂ ಹೇಳ್ಬಾರ್ದಿತ್ತಾ?”

“ಅಷ್ಟು ಜನ ಇದ್ರು. ಅವರೆಲ್ಲರ ಮುಂದೆ ಇವರು ಹೇಳಿದ್ದು ತಪ್ಪು ಅಂತ ಹೆಂಗೆ ಹೇಳೋದು? ಆಚೆ ಬಂದು ಹೇಳಿದ್ರಾಯ್ತು ಅಂದ್ಕೊಂಡೆ. ಆಚೆ ಬಂದ್ಮೇಲೆ ಮತ್ತೆ ಸಾಲಲ್ಲಿ ನಿಲ್ಬೇಕಲ್ಲ ಅಂತ ಇವರು ಬೈತಾರೆ ಅನ್ನಿಸ್ತು.” ಉಸಿರು ಎಳೆದುಕೊಂಡು ಮತ್ತೆ ಅಂದಳು, “ಅವರಿಗೆ ಹೇಳ್ಬೇಡ. ಪಾಪ, ತಡ್ಕೊಳಲ್ಲ.”

ಪಾಪ ಎಂಬ ಆ ಪದವನ್ನು ಅಕ್ಕ ಮದುವೆಯಾದಂದಿನಿಂದ ಒಬ್ಬರ ಮೇಲೆಯೇ ಸುರಿಯುತ್ತಾ ಬಂದಿದ್ದಳು. ತನಗಾಗಿ ಒಂದು ಹನಿಯನ್ನೂ ಉಳಿಸಿಕೊಂಡಿರಲಿಲ್ಲ. ನನಗೆ ಅವಳ ಮೇಲೂ ಕೆಟ್ಟ ಕೋಪ ಬಂತು. ಸಾಯುತ್ತಿರುವವರ ಮೇಲೆ ಕೋಪ ಮಾಡಿಕೊಳ್ಳುವುದು ಎಂಥ ಹಿಂಸೆ ಎಂದು ಅವತ್ತು ತಿಳಿಯಿತು. ಆಯಿತು ಹೇಳಲ್ಲ ಎಂದೆ.

ಆಮೇಲೆ ಅವಳ ಶ್ವಾಸಕೋಶದಲ್ಲಿ ರಕ್ತ ಇಳಿಯಿತು. ಹುಬ್ಬಳ್ಳಿಯ ಆ ಡಾಕ್ಟರು ಹೊರಗೆ ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಮಗಳು ವಿಶಾಖಪಟ್ಟಣದಿಂದ ಬರುವ ಹೊತ್ತಿಗೆ ಮುಖ ನೋಡುವುದಷ್ಟೇ ಉಳಿದಿತ್ತು. ಪರೀಕ್ಷೆ ಚೆನ್ನಾಗಿ ಬರೆದಿದ್ದಳಂತೆ. ಅವಳು ಯಾರನ್ನು ಬಯ್ಯಬೇಕೆಂದು ತಿಳಿಯದೆ ನನ್ನನ್ನು ಬಯ್ದಳು, ನಾನು ಬಯ್ಯಿಸಿಕೊಂಡೆ.

ಭಾವ ಅತ್ತರು, ನಿಜವಾಗಿಯೇ ಅತ್ತರು. ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಅಳು ಇಳಿಯುತ್ತಾ ಬಂದಂತೆ ಅವರಿಗೆ ಒಂದು ಕಥೆ ಬೇಕಾಯಿತು. ಕರ್ಮಕ್ಕೆ ಬಂದ ನೆಂಟರಿಗೆ, ಬ್ಯಾಂಕಿನವರಿಗೆ, ಫೋನಿನಲ್ಲಿ ತುಮಕೂರಿನವರಿಗೆ, ಎಲ್ಲರಿಗೂ ಅದೇ ಕಥೆ. ಈ ಊರಿನ ಡಾಕ್ಟರುಗಳು ಹೇಗೆ ಅಂದರೆ, ಜೀವ ಹೋಗುತ್ತಿರುವ ಹೆಂಗಸನ್ನು ಮುಂದೆ ಕೂರಿಸಿಕೊಂಡು ಇಲಿ ಹಿಕ್ಕೆಯ ವಿಚಾರ ಕೇಳುತ್ತಾರೆ. ನೆಂಟರು ಲೊಚಗುಟ್ಟುತ್ತಿದ್ದರು, ತೆಲುಗಿನವರನ್ನು ಬಯ್ಯುತ್ತಿದ್ದರು. ಒಂದಿಬ್ಬರು ಮುಖ ತಿರುಗಿಸಿ ನಕ್ಕದ್ದನ್ನೂ ನೋಡಿದೆ. ನಾನು ಪಕ್ಕದಲ್ಲಿ ಕಾಫಿ ಬಗ್ಗಿಸುತ್ತಾ ಕೇಳಿಸಿಕೊಳ್ಳುತ್ತಿದ್ದೆ. ಸತ್ತವಳಿಗೆ ಮಾತು ಕೊಟ್ಟಿದ್ದೆನಲ್ಲ.

ಮುಂದಿನ ವರ್ಷ ವಿಶಾಖಪಟ್ಟಣದಲ್ಲಿ ಅಕ್ಟೋಬರ್ ತುಂಬ ವಾಯುಭಾರ ಕುಸಿತ, ಸಮುದ್ರದ ಕಡೆಯಿಂದ ಬಿಟ್ಟು ಬಿಟ್ಟು ಮಳೆ. ನಮ್ಮ ಶಾಖೆಯ ರೆಕಾರ್ಡ್ ರೂಮಿನಲ್ಲಿ ಇಲಿಗಳು ಕೇಬಲ್ ಕಡಿದು ಎರಡು ದಿನ ಕೆಲಸ ನಿಂತಿತ್ತು. ನಾನು ಈಗ ಮನೆಯೊಳಗೂ ಚಪ್ಪಲಿ ಹಾಕುತ್ತೇನೆ, ಅಡಿಗೆಮನೆಯಲ್ಲೂ. ಒಂದು ಭಾನುವಾರ ಭಾವ ಮಗಳನ್ನು ನೋಡಲು ಬಂದರು. ನನ್ನ ಶಾಖೆಯ ಇಬ್ಬರು ಕನ್ನಡದ ಹುಡುಗಿಯರನ್ನೂ ಊಟಕ್ಕೆ ಕರೆದಿದ್ದೆ. ಊಟ ಮುಗಿದು ಎಲ್ಲರೂ ಚಾಪೆಯ ಮೇಲೆ ಕೂತಿದ್ದಾಗ, ಆ ಹುಡುಗಿಯರು ರೆಕಾರ್ಡ್ ರೂಮಿನ ಇಲಿಯ ಮಾತು ತೆಗೆದರು. ಭಾವನಿಗೆ ಅಷ್ಟೇ ಸಾಕಾಯಿತು. ಕಥೆ ಶುರುವಾಯಿತು.

ಮಗಳು ಮೊಬೈಲು ನೋಡುತ್ತಿದ್ದಳು. ಈ ಕಥೆಯನ್ನು ಅವಳ ಎದುರಿಗೆ ಅವರು ಅದುವರೆಗೂ ಹೇಳಿರಲಿಲ್ಲ. ಅಮ್ಮನ ಮಾತು ಬಂದ ಕೂಡಲೆ ತಲೆ ಎತ್ತಿದಳು.

“ಪಿನ್ನೀ, ಹಿಕ್ಕೆ ಅಂದ್ರೆ ಏನು?”

“ಇಲಿದು ಕಣೇ. ಕಪ್ಪಗೆ ಕಾಳುಕಾಳಾಗಿ ಹಾಕಿರುತ್ತಲ್ಲ, ಅದು” ಎಂದೆ. ಮಾತು ಬೇರೆ ಕಡೆ ತಿರುಗಿಸಲು ಹಣ್ಣು ಹೆಚ್ಚಲೇ ಎಂದೆ, ಯಾರೂ ಕೇಳಿಸಿಕೊಳ್ಳಲಿಲ್ಲ.

“ಆ ಡಾಕ್ಟರ್ ಅದನ್ನ ಯಾಕೆ ಕೇಳ್ತಾರೆ ನಾನ್ನಾ? ತೆಲುಗಲ್ಲಿ ಏನಂದ್ರು, ಹಾಗೇ ಹೇಳು.”

ಭಾವ ಹಾಗೇ ಹೇಳಿದರು. ಡಾಕ್ಟರಿನ ದನಿಯನ್ನು ಅಣಕಿಸಿ, ಒಂದಕ್ಷರ ಬಿಡದೆ ಹೇಳಿದರು. ಪಿಕ್ಕಲು ಪಟ್ಟೇಸ್ತುನ್ನಾಯಾ ಅಂಡಿ.

ಅವಳು ಅಪ್ಪನನ್ನು ನೋಡಿದಳು. ಆಮೇಲೆ ಮಡಚಿದ್ದ ಕಾಲನ್ನು ಚಾಪೆಯ ಮೇಲೆ ನೀಡಿ, ಬಗ್ಗಿ, ಮೊಣಕಾಲಿನ ಕೆಳಗೆ ಹಿಂಬದಿಯ ಮಾಂಸವನ್ನು ಕೈಯಲ್ಲಿ ಹಿಡಿದುಕೊಂಡಳು.

“ಪಿಕ್ಕಲಂಟೇ ಇವೇ ಕದಾ ನಾನ್ನಾ?” ಪಿಕ್ಕಲು ಅಂದರೆ ಇವೇ ಅಲ್ಲವಾ ಅಪ್ಪಾ.

ಭಾವನ ಬೆರಳು ಮಡಚಿಕೊಂಡೇ ಇತ್ತು. ಅವರು ಮಗಳ ಕಾಲನ್ನು ನೋಡುತ್ತಾ ಕೂತರು. ಹೊರಗೆ ಮಳೆ ಮತ್ತೆ ಹಿಡಿಯಿತು. ಆ ಹುಡುಗಿಯರಿಬ್ಬರೂ ಏನೋ ಆಗಿದೆಯೆಂದು ತಿಳಿದು ತಲೆ ತಗ್ಗಿಸಿದರು. ಒಂದು ವರ್ಷ ನಾನು ಕಾದದ್ದು ಈ ಮುಖಕ್ಕಾಗಿ. ಬಂದಾಗ ಅದರಿಂದ ನನಗೆ ಏನೂ ಸಿಗಲಿಲ್ಲ.

ಮಗಳು ನನ್ನ ಕಡೆ ತಿರುಗಿದಳು. “ಅಮ್ಮನಿಗೆ ತೆಲುಗು ಚೆನ್ನಾಗಿ ಬರ್ತಿತ್ತಲ್ಲ ಪಿನ್ನೀ. ಪಕ್ಕದಲ್ಲೇ ಇದ್ಲಲ್ಲ. ಯಾಕೆ ಹೇಳ್ಲಿಲ್ಲ?”

ನಿಜ ಹೇಳಿದರೆ ಈ ಹುಡುಗಿ ಆಯುಷ್ಯವಿಡೀ ಅದನ್ನು ಹೊರಬೇಕು: ಅಮ್ಮನಿಗೆ ಗೊತ್ತಿತ್ತು, ಸಾಲಿನಲ್ಲಿ ಇನ್ನೊಮ್ಮೆ ನಿಲ್ಲಲು ಹೆದರಿ ಸತ್ತಳು. ಭಾವನೂ ನನ್ನ ಮುಖ ನೋಡುತ್ತಿದ್ದರು. ಬೇರೆಯವರ ಉತ್ತರಕ್ಕೆ ಅವರು ಕಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

“ಜ್ವರ ಜಾಸ್ತಿ ಇತ್ತಲ್ಲ ಕಂದಾ” ಎಂದೆ. “ಕೇಳ್ಸಿರಲ್ಲ.”

ಭಾವ ಉಸಿರು ಬಿಟ್ಟರು. ಮಡಚಿದ್ದ ಬೆರಳು ಬಿಡಿಸಿದರು.

“ಹೌದು ಕಣಮ್ಮಾ” ಎಂದರು ಮಗಳಿಗೆ. “ಅವಳಿಗೆ ಏನೂ ಕೇಳಿಸ್ತಿರಲಿಲ್ಲ. ನನ್ನ ಕೇಳು, ನಾನು ಪಕ್ಕದಲ್ಲೇ ಇದ್ನಲ್ಲ.”